ಹಳೆಯ ಸೀರೆಗೊಂದು ಸ್ಟೀಲ್ ಡಬ್ಬಿ

ನಮ್ಮ ಅಂದೋಲಾದ ಓಣಿಗಳಲ್ಲಿ ಆಗಾಗ ಒಂದು ಕೂಗು ಕೇಳಿಬರುತ್ತದೆ: "ಹಳಿ ಅರಬಿಗೆ ಹೊಸ ಭಾಂಡೇ..." ತಲೆಯ ಮೇಲೆ ಪಾತ್ರೆಗಳ ಬುಟ್ಟಿಯನ್ನೂ ಹೆಗಲಿನ ಮೇಲೆ ಬಟ್ಟೆಯ ಗಂಟನ್ನೂ ಹೊತ್ತ ಹೆಂಗಸು ಕಟ್ಟೆಯ ಮೇಲೆ ಕುಳಿತುಕೊಳ್ಳುತ್ತಾಳೆ. ಮನೆಯ ಸೊಸೆ ಒಳಗಿನಿಂದ ಆರೇಳು ಹಳೆಯ ಸೀರೆಗಳನ್ನು ತಂದು ಹಾಕುತ್ತಾಳೆ. ಚೌಕಾಶಿಯಾದ ಮೇಲೆ ಒಂದು ಸ್ಟೀಲ್ ಡಬ್ಬಿಯೋ ಪರಾತವೋ ಕೈಗೆ ಬರುತ್ತದೆ. ಇದು ಕೆಟ್ಟ ವ್ಯಾಪಾರವೆಂದು ಹೇಳುವವನು ನಾನಲ್ಲ. ಬಿಸಿಲಲ್ಲಿ ತಿರುಗುವ ಆ ಹೆಂಗಸಿಗೂ ಹೊಟ್ಟೆಯಿದೆ, ಮನೆಗೆ ಡಬ್ಬಿಯೂ ಬೇಕು. ಆದರೆ ಈ ವಿನಿಮಯದಲ್ಲಿ ನಾವು ಕೊಡುತ್ತಿರುವುದು ಏನನ್ನು ಎಂಬುದನ್ನು ಒಮ್ಮೆಯಾದರೂ ಲೆಕ್ಕ ಹಾಕಬೇಕೆಂಬುದು ಬಹಳ ದಿನಗಳಿಂದ ನನ್ನ ಮನಸ್ಸಿನಲ್ಲಿರುವ ವಿಚಾರ. ಮೂವತ್ತು ವರ್ಷಕ್ಕೂ ಮಿಕ್ಕಿ ಮಕ್ಕಳಿಗೆ ಲೆಕ್ಕವನ್ನೂ ಕನ್ನಡವನ್ನೂ ಕಲಿಸಿದವನಿಗೆ ಲೆಕ್ಕ ಹಾಕುವ ಚಟ ನಿವೃತ್ತಿಯ ನಂತರವೂ ಬಿಡುವುದಿಲ್ಲ ಎಂಬುದು ನನ್ನ ಹಳೆಯ ವಿದ್ಯಾರ್ಥಿಗಳಿಗೆ ತಿಳಿದೇ ಇದೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಸೀಮೆಯಲ್ಲಿ ಅತಿ ಹೆಚ್ಚು ಜನ ಕೈಯಾರೆ ಮಾಡಿದ, ಅತಿ ಹೆಚ್ಚು ಮನೆಗಳಲ್ಲಿ ಬದುಕಿದ ಕಲೆ ಬಟ್ಟೆಯ ಕಲೆ. ಅದನ್ನು ನಾವು ಕಲೆಯೆಂದು ಒಪ್ಪಿಕೊಂಡಿಲ್ಲ. ಮಾಡುವವರು ಹೆಂಗಸರು, ಬಡವರು ಮತ್ತು ಹೆಸರು ಬರೆಯದವರು ಎಂಬುದಷ್ಟೇ ಅದಕ್ಕೆ ಕಾರಣ. ಬೇರಾವ ಕಾರಣವೂ ನನಗೆ ಕಾಣುವುದಿಲ್ಲ.

ನಮ್ಮ ಆಡುಮಾತನ್ನೇ ನೋಡಿರಿ. ಗರ್ಭಿಣಿಗೆ ಮಾಡುವ ಮಂಗಳಕಾರ್ಯಕ್ಕೆ ಬೇರೆ ಕಡೆಯವರು ಸೀಮಂತವೆಂದರೆ ನಾವು 'ಕುಬಸ' ಎನ್ನುತ್ತೇವೆ. ಕುಬಸವೆಂದರೆ ಕುಪ್ಪಸ, ತವರಿನವರು ತರುವ ಆ ಒಂದು ತುಂಡು ಬಟ್ಟೆಯೇ ಇಡೀ ಸಂಸ್ಕಾರಕ್ಕೆ ಹೆಸರಾಗಿದೆ. ಮದುವೆಯಲ್ಲಿ ಬಟ್ಟೆ ಕೊಡುವುದು ಆಯೇರಿ; ಅದು ಬರಿಯ ಉಡುಗೊರೆಯಲ್ಲ, ಯಾರು ಯಾರಿಗೆ ಏನಾಗಬೇಕೆಂಬುದರ ಬಹಿರಂಗ ದಾಖಲೆ. ಆಯೇರಿಯ ಟಾವೆಲ್ಲು ಸಿಗಲಿಲ್ಲವೆಂದು ಹತ್ತು ವರ್ಷ ಮಾತು ಬಿಟ್ಟ ಸೋದರಮಾವಂದಿರನ್ನು ನೀವೂ ಕಂಡಿದ್ದೀರಿ. ಮನೆಗೆ ಬಂದ ಮುತ್ತೈದೆಗೆ ಉಡಿ ತುಂಬುವಾಗ ಅಕ್ಕಿ, ಕೊಬ್ಬರಿ, ಉತ್ತುತ್ತಿಗಳ ಜೊತೆಗೆ ಒಂದು ಖಣ ಇರಲೇಬೇಕು. ಅದನ್ನು ತುಂಬಿಸಿಕೊಳ್ಳುವ ಪಾತ್ರೆಯೂ ಸೆರಗೇ, ಎಂದರೆ ಬಟ್ಟೆಯೇ. ಹುಟ್ಟಿದ ಕೂಸಿನ ತಲೆಗೆ ಕುಂಚಿಗೆ, ಸತ್ತವರಿಗೆ ಬಿಳಿಯ ಹೊದಿಕೆ. ಮೊಹರಮ್ಮಿನಲ್ಲಿ ಅಲಾಯಿ ದೇವರಿಗೆ ಹೊಸ ಬಟ್ಟೆ ಉಡಿಸುವಾಗಲೂ, ಕಲಬುರಗಿಯಲ್ಲಿ ಖ್ವಾಜಾ ಬಂದೇ ನವಾಜರ ದರ್ಗಾಕ್ಕೆ ಚಾದರ ಹೊದಿಸುವಾಗಲೂ, ಗ್ರಾಮದೇವತೆಗೆ ಹಸಿರು ಸೀರೆ ಏರಿಸುವಾಗಲೂ ಜನ ಮಾಡುವುದು ಒಂದೇ ಕೆಲಸ: ಮಾತಿನಿಂದ ಹೇಳಲಾಗದ್ದನ್ನು ಬಟ್ಟೆಯಿಂದ ಹೇಳುವುದು.

ಬಟ್ಟೆಗೂ ಬರಹಕ್ಕೂ ಇರುವ ನಂಟು ಇನ್ನೂ ಹಳೆಯದು. ಸಂಸ್ಕೃತದ ಸೂತ್ರವೆಂದರೆ ದಾರ. ಗ್ರಂಥವೆಂಬ ಮಾತಿನಲ್ಲಿ ಗಂಟಿದೆ. ಚಿತ್ರಪಟದ ಪಟವೆಂದರೆ ಬಟ್ಟೆ. ಇಂಗ್ಲಿಷಿನಲ್ಲಿ ಪಠ್ಯಕ್ಕೆ ಟೆಕ್ಸ್ಟ್ ಎನ್ನುತ್ತಾರೆ, ಬಟ್ಟೆಗೆ ಟೆಕ್ಸ್‌ಟೈಲ್ ಎನ್ನುತ್ತಾರೆ. ಎರಡಕ್ಕೂ ಮೂಲ ನೇಯು ಎಂಬ ಅರ್ಥದ ಲ್ಯಾಟಿನ್ ಧಾತು. ಅಷ್ಟು ದೂರ ಹೋಗುವ ಅಗತ್ಯವೂ ಇಲ್ಲ. ಸರ್ಕಾರಿ ಕಚೇರಿಯಲ್ಲಿ 'ಕಡತ' ಮುಂದೆ ಸರಿಯಲಿಲ್ಲವೆಂದು ನಾವು ದಿನವೂ ದೂರುತ್ತೇವಲ್ಲ, ಆ ಕಡತವೆಂಬುದು ಮೂಲತಃ ಬಟ್ಟೆಯ ಪುಸ್ತಕ. ಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಕಲಸಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಕಪ್ಪು ಹಲಗೆಯಂತೆ ಮಾಡಿಕೊಂಡು, ಅದರ ಮೇಲೆ ಬಳಪದಿಂದ ಲೆಕ್ಕಪತ್ರ ಬರೆಯುತ್ತಿದ್ದರು. ಶೃಂಗೇರಿ ಮಠದ ಹಳೆಯ ಕಡತಗಳು ಇತಿಹಾಸಕಾರರಿಗೆ ಆಕರವಾಗಿವೆ. ನಾನು ಜೀವಮಾನವೆಲ್ಲ ಬಳಪ ಹಿಡಿದು ಕಪ್ಪು ಹಲಗೆಯ ಮುಂದೆ ನಿಂತವನು. ಆ ಹಲಗೆಯ ಅಜ್ಜ ಒಂದು ತುಂಡು ಬಟ್ಟೆಯೆಂದು ತಿಳಿದ ದಿನ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಇನ್ನು ಶರಣರ ವಿಷಯ. ಆದ್ಯ ವಚನಕಾರರೆಂದು ಕರೆಯಲಾಗುವ ದೇವರ ದಾಸಿಮಯ್ಯನವರು ನೇಕಾರರು. ಅವರ ಊರು ಮುದನೂರು. ಇಂದು ಅದು ಯಾದಗಿರಿ ಜಿಲ್ಲೆಗೆ ಸೇರಿದ್ದರೂ 2009ರ ಕೊನೆಯವರೆಗೆ ನಮ್ಮ ಗುಲ್ಬರ್ಗಾ ಜಿಲ್ಲೆಯದೇ ಆಗಿತ್ತು. ಅವರು ಬಹುಕಾಲ ಶ್ರಮಿಸಿ ನೇಯ್ದ ಬಟ್ಟೆಯನ್ನು ಜಂಗಮನೊಬ್ಬ ಬೇಡಿ ಪಡೆದು ಎದುರಿಗೇ ಹರಿದು ಹಾಕಿದನೆಂದೂ, ದಾಸಿಮಯ್ಯ ಬೇಸರಿಸದಿದ್ದುದರಿಂದ ಅವರಿಗೆ ತವನಿಧಿ ದೊರೆಯಿತೆಂದೂ ಪುರಾಣದ ಕಥೆ. ಕಥೆಯ ಭಕ್ತಿಭಾಗವನ್ನು ಬದಿಗಿಟ್ಟರೂ ಒಂದು ಮಾತು ಉಳಿಯುತ್ತದೆ. ಒಬ್ಬ ಭಕ್ತನ ತ್ಯಾಗವನ್ನು ಅಳೆಯಬೇಕಾದಾಗ ನಮ್ಮ ಹಿರಿಯರಿಗೆ ಹೊಳೆದ ಅಳತೆಗೋಲು ಹೊನ್ನಲ್ಲ, ಕೈಯಿಂದ ನೇಯ್ದ ಬಟ್ಟೆ. ಹನ್ನೆರಡನೆಯ ಶತಮಾನಕ್ಕೆ ಬಂದರೆ ಮಡಿವಾಳ ಮಾಚಯ್ಯನವರು ಬಟ್ಟೆ ಒಗೆಯುವ ಕಾಯಕದವರು, ದೇವರ ಹಿಪ್ಪರಗಿಯವರು. ನೂಲುವ ಕಾಯಕದ ಕದಿರ ರೆಮ್ಮವ್ವೆ ಇದ್ದಾಳೆ, ಹೊಲಿಗೆಯ ಕಾಯಕದ ಸೂಜಿಕಾಯಕದ ರಾಮಿತಂದೆ ಇದ್ದಾನೆ. ನೂಲುವುದು, ನೇಯುವುದು, ಹೊಲಿಯುವುದು, ಒಗೆಯುವುದು, ಹೀಗೆ ಬಟ್ಟೆಯ ಇಡೀ ಬಾಳು ವಚನ ಸಾಹಿತ್ಯದಲ್ಲಿ ಸಹಿ ಹಾಕಿದೆ. ನಾವು ಮಾತ್ರ ಇವರ ವಚನಗಳನ್ನು ಪರೀಕ್ಷೆಗೆ ಬಾಯಿಪಾಠ ಮಾಡಿಸಿ, ಕಾಯಕವನ್ನು ಅಡಿಟಿಪ್ಪಣಿಗೆ ತಳ್ಳಿದೆವು.

ಈಗ ನಾನು ಹೇಳಬೇಕೆಂದಿರುವ ಮುಖ್ಯ ವಸ್ತುವಿಗೆ ಬರುತ್ತೇನೆ. ಅದು ಕೌದಿ.

ಬೆಂಗಳೂರಿನಲ್ಲಿ ಹುಟ್ಟಿದ ನಮ್ಮ ಮೊಮ್ಮಕ್ಕಳಿಗಾಗಿ ಒಂದಿಷ್ಟು ವಿವರಿಸಬೇಕು. ಹಳೆಯ ಸೀರೆ, ದೋತರಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನು ಜೋಡಿಸಿ, ಎಲ್ಲ ಪದರಗಳನ್ನೂ ಹಿಡಿದು ಕೈಯಿಂದ ಒತ್ತಾಗಿ ಹೊಲಿದು ಮಾಡುವ ಹಾಸಿಗೆಯೇ ಕೌದಿ. ಹಾಸಲೂ ಬರುತ್ತದೆ, ಹೊದೆಯಲೂ ಬರುತ್ತದೆ, ತೊಟ್ಟಿಲಿಗೂ ಆಗುತ್ತದೆ. ಹೊಲಿಗೆ ಅಂಚಿನಿಂದ ಆರಂಭವಾಗಿ ಸುತ್ತು ಸುತ್ತಾಗಿ ಒಳಗೆ ಸಾಗುತ್ತ ನಡುವಿಗೆ ಬಂದು ಮುಗಿಯುತ್ತದೆ. ಚೌಕಟ್ಟಿನೊಳಗೆ ಚೌಕಟ್ಟು, ಅದರೊಳಗೆ ಮತ್ತೊಂದು. ದೂರದಿಂದ ನೋಡಿದರೆ ಎರೆ ಹೊಲದಲ್ಲಿ ಕುಂಟೆ ಹೊಡೆದ ಸಾಲುಗಳಂತೆ ಕಾಣುತ್ತದೆ. ಮನೆಯ ಹೆಂಗಸರು ತಾವೇ ಹೊಲಿದುಕೊಳ್ಳುವುದುಂಟು; ಗೊಂದಳಿ ಮೊದಲಾದ ಅಲೆಮಾರಿ ಸಮುದಾಯಗಳ ಹೆಂಗಸರು ಸುಗ್ಗಿ ಮುಗಿದ ಮೇಲೆ ಊರೂರಿಗೆ ಬಂದು ಕೂಲಿಗೆ ಹೊಲಿದುಕೊಡುವುದೂ ಉಂಟು. ಮಾದರಿಯ ಕಾಗದವಿಲ್ಲ, ಗೀಟು ಎಳೆಯುವ ಅಳತೆಪಟ್ಟಿಯಿಲ್ಲ. ಆದರೂ ಸಾಲು ಸೊಟ್ಟಗಾಗುವುದಿಲ್ಲ.

ನಮ್ಮ ತಾಯಿ ಹೊಲಿದ ಒಂದು ಕೌದಿ ಈಗ ನನ್ನ ಟ್ರಂಕಿನಲ್ಲಿದೆ. ಹೋದ ಬೇಸಗೆಯಲ್ಲಿ ಅದನ್ನು ಬಿಸಿಲಿಗೆ ಹಾಕಿದಾಗ ಟೇಪು ಹಿಡಿದು ಅಳೆದೆ. ಉದ್ದ 7 ಅಡಿ, ಅಗಲ 5 ಅಡಿ. ಸಾಲಿನಿಂದ ಸಾಲಿಗೆ ಅರ್ಧ ಇಂಚು. ಒಂದು ಇಂಚಿನಲ್ಲಿ ನಾಲ್ಕು ಹೊಲಿಗೆ. ಇನ್ನು ಮುಂದಿನದು ಆರನೆಯ ಇಯತ್ತೆಯ ಲೆಕ್ಕ: 84 ಇಂಚು, 60 ಇಂಚು, ಗುಣಿಸಿದರೆ 5,040 ಚದರ ಇಂಚು, ಸಾಲುಗಳ ನಡುವೆ ಅರ್ಧ ಇಂಚು ಅಂತರವಿರುವುದರಿಂದ ಹೊಲಿಗೆಯ ಒಟ್ಟು ಉದ್ದ 10,080 ಇಂಚು, ಅಂದರೆ 840 ಅಡಿ. ಹೊಲಿಗೆಗಳ ಸಂಖ್ಯೆ ನಲವತ್ತು ಸಾವಿರದ ಮೇಲೆ. ಒಂದು ಕೌದಿಗೆ! ಮನೆಯಲ್ಲಿ ಇಂಥವು ಎಂಟು ಇದ್ದವು. ಆಕೆ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಒಂದು ಅಕ್ಷರ ಬರೆದವಳಲ್ಲ. ಆದರೆ ಆ ಎಂಟು ಕೌದಿಗಳ ಲೆಕ್ಕ ಹಿಡಿದರೆ ಸೂಜಿಯನ್ನು ಮೂರು ಲಕ್ಷಕ್ಕೂ ಹೆಚ್ಚು ಸಲ ಒಳಗೆ ಇಳಿಸಿ ಮೇಲೆ ತೆಗೆದಿದ್ದಾಳೆ. ಇದನ್ನು ಬರವಣಿಗೆಯಲ್ಲವೆಂದು ಹೇಳಲು ನನಗೆ ಧೈರ್ಯವಿಲ್ಲ.

ಓದಲು ಬಂದವರಿಗೆ ಅದರಲ್ಲಿ ಬರೆದಿರುವುದೂ ಕಾಣುತ್ತದೆ. ಮೂಲೆಯ ಹಸಿರು ತುಂಡು ಅಕ್ಕನ ಕುಬಸದ ಸೀರೆಯದು. ನಡುವಿನ ಬಿಳುಪು ತಂದೆಯವರ ದೋತರದ್ದು. ಅವರು ತೀರಿಕೊಂಡ ಮೇಲೆ ಅದು ಕೌದಿಗೆ ಸೇರಿತು. ಕೆಂಪು ಪಟ್ಟಿ ಇಳಕಲ್ಲ ಸೀರೆಯ ಸೆರಗಿನದು. ಮೈ ಸವೆದು ಹೋದರೂ ಸೆರಗು ಗಟ್ಟಿ ಉಳಿದಿತ್ತು. ಒಂದು ಮೂಲೆಯಲ್ಲಿ ಖಾಕಿಯ ತುಂಡಿದೆ, ಅದು ನನ್ನ ಶಾಲೆಯ ಚಡ್ಡಿ. ಟೆರಿಕಾಟಿನ ಒಂದೇ ಒಂದು ತುಂಡು ಅಂಚಿನಲ್ಲಿ ಅಪರಿಚಿತ ಬೀಗರಂತೆ ಬಿಗಿದುಕೊಂಡು ಕುಳಿತಿದೆ. ನಮ್ಮ ಮನೆಗೆ ಆ ಬಟ್ಟೆ ಬಂದ ಕಾಲವನ್ನು ಅದು ತೋರಿಸುತ್ತದೆ. ಯಾವ ಮನೆತನದ ಚರಿತ್ರೆಯನ್ನು ಯಾವ ಇತಿಹಾಸಕಾರ ಇಷ್ಟು ಬೆಚ್ಚಗೆ ಬರೆದಿದ್ದಾನೆ?

ಈ ಮಾತನ್ನು ನಾನು ಕಲಬುರಗಿಯಲ್ಲಿ ಒಂದು ಮದುವೆಯ ಪಂಕ್ತಿಯಲ್ಲಿ ಕುಳಿತು ಹೇಳಿದಾಗ, ನನ್ನ ಬಳಿ ಓದಿ ಈಗ ದೊಡ್ಡ ಹುದ್ದೆಯಲ್ಲಿರುವ ಒಬ್ಬ ವಿದ್ಯಾರ್ಥಿ ನೇರವಾಗಿಯೇ ನುಡಿದ: "ಸರ್, ನಿಮಗೆ ಕೌದಿ ನೆನಪು, ನಮಗೆ ಕೌದಿ ಬಡತನ. ಚಳ್ಯಾಗ ಗಾದಿ ಇರಲಾರದ್ದಕ್ಕ ಹೊತಗೊಂಡೀವಿ. ಅದನ್ನ ಮತ್ತ ಗ್ವಾಡಿಗಿ ತೂಗ ಹಾಕೋದು ಏನದ?"

ಅವನ ಮಾತು ಹಗುರವಾದುದಲ್ಲ. ಬಟ್ಟೆ ಈ ದೇಶದಲ್ಲಿ ಬೆಚ್ಚಗಿಟ್ಟದ್ದಕ್ಕಿಂತ ಹೆಚ್ಚಾಗಿ ಅವಮಾನಕ್ಕೆ ಬಳಕೆಯಾಗಿದೆ. ಯಾರು ಮೊಣಕಾಲಿನ ಕೆಳಗೆ ಉಡಬಹುದು, ಯಾರು ಹೆಗಲ ಮೇಲೆ ಶಲ್ಯ ಹಾಕಬಹುದು, ಯಾರ ಪಾಲಿಗೆ ಹೆಣದ ಮೇಲಿನ ಬಟ್ಟೆ ಎಂಬುದನ್ನೆಲ್ಲ ಜಾತಿಯೇ ನಿರ್ಧರಿಸುತ್ತಿತ್ತು. ತಿರುವಾಂಕೂರಿನಲ್ಲಿ ನಾಡಾರ್ ಹೆಂಗಸರು ಎದೆಯ ಮೇಲೆ ಬಟ್ಟೆ ಹೊದೆಯುವ ಹಕ್ಕಿಗಾಗಿ ದಶಕಗಳ ಕಾಲ ಏಟು ತಿಂದು ಹೋರಾಡಿದ ಮೇಲೆ, 1859ರಲ್ಲಿ ರಾಜಾಜ್ಞೆ ಹೊರಡಿಸಿ ಒಪ್ಪಬೇಕಾಯಿತು. ಬಾಬಾಸಾಹೇಬ ಅಂಬೇಡ್ಕರರು ಗಾಂಧೀಜಿಯವರ ಹಾಗೆ ತುಂಡು ಬಟ್ಟೆಗೆ ಇಳಿಯದೆ ಸೂಟು ಧರಿಸಿ ನಿಂತುದಕ್ಕೆ ಈ ಚರಿತ್ರೆಯ ಹಿನ್ನೆಲೆಯಲ್ಲಿಯೇ ಅರ್ಥ ಹುಡುಕಬೇಕು. ಇದ್ದವನು ಬಿಡುವುದು ತ್ಯಾಗ; ಬಿಡಿಸಲ್ಪಟ್ಟವನು ತೊಡುವುದು ಹಕ್ಕು. ಆದ್ದರಿಂದ ಹಳೆಯ ಬಟ್ಟೆಯನ್ನು ಮರೆಯಬೇಕೆಂಬ ಆತನ ಹಂಬಲ ನನಗೆ ಅರ್ಥವಾಗುತ್ತದೆ.

ಆದರೂ ಆತನೊಂದಿಗೆ ನನಗೆ ಒಂದು ಜಗಳವಿದೆ. ಬಡತನವನ್ನು ಮರೆಯುವ ಭರದಲ್ಲಿ ಬಡವರ ಜಾಣ್ಮೆಯನ್ನೂ ಮರೆಯುವುದು ಯಾರಿಗೆ ಲಾಭ? ಅಮೆರಿಕದ ಅಲಬಾಮಾ ರಾಜ್ಯದಲ್ಲಿ ಗೀಸ್ ಬೆಂಡ್ ಎಂಬ ಹಳ್ಳಿಯಿದೆ. ಹತ್ತಿಯ ತೋಟಗಳಲ್ಲಿ ಗುಲಾಮರಾಗಿದ್ದವರ ವಂಶದ ಕಪ್ಪು ಹೆಂಗಸರು ಅಲ್ಲಿ ಹೊಲದ ಕೆಲಸದ ಸವೆದ ಬಟ್ಟೆಗಳಿಂದ, ನಮ್ಮಂತೆಯೇ, ಚಳಿಗೆ ಹೊದಿಕೆ ಹೊಲಿಯುತ್ತಿದ್ದರು. ಮೊಣಕಾಲು ಹರಿದ ಪ್ಯಾಂಟಿನ ತುಂಡುಗಳೂ ಅವುಗಳಲ್ಲಿವೆ. 2002ರಲ್ಲಿ ಅವುಗಳನ್ನು ಮೊದಲು ಹ್ಯೂಸ್ಟನ್ನಿನ ಕಲಾಸಂಗ್ರಹಾಲಯದಲ್ಲಿ, ನಂತರ ನ್ಯೂಯಾರ್ಕಿನ ವಿಟ್ನಿಯಲ್ಲಿ ತೂಗುಹಾಕಿದಾಗ, ಆಧುನಿಕ ಚಿತ್ರಕಲೆಯ ಪಕ್ಕದಲ್ಲಿ ನಿಲ್ಲಬಲ್ಲ ಕಲೆಯಿದು ಎಂದು ಅಲ್ಲಿನ ವಿಮರ್ಶಕರು ಬರೆದರು. 2006ರಲ್ಲಿ ಅಲ್ಲಿನ ಅಂಚೆ ಇಲಾಖೆ ಆ ಹೊದಿಕೆಗಳ ಚಿತ್ರವಿರುವ ಅಂಚೆಚೀಟಿಗಳನ್ನು ಹೊರತಂದಿತು. ಆ ಹೆಂಗಸರ ಬಡತನವನ್ನು ಯಾರೂ ಹೊಗಳಲಿಲ್ಲ. ಬಡತನದಲ್ಲಿಯೂ ಅವರ ಕಣ್ಣು ಬಣ್ಣವನ್ನು ಆರಿಸಿದ ಬಗೆಯನ್ನು ಹೊಗಳಿದರು. ಇವೆರಡೂ ಬೇರೆ ಬೇರೆ.

ಅಷ್ಟು ದೂರವೇಕೆ, ನಮ್ಮ ಉತ್ತರ ಕನ್ನಡದ ಸಿದ್ದಿಯರಿದ್ದಾರೆ. ಆಫ್ರಿಕಾ ಮೂಲದ ಆ ಜನ 'ಕವಂದ' ಎಂಬ ಹೊದಿಕೆ ಹೊಲಿಯುತ್ತಾರೆ. ನಾಲ್ಕು ಮೂಲೆಗೆ ತ್ರಿಕೋನದ ಮಡಿಕೆಗಳನ್ನು ಹೂವಿನಂತೆ ಕೂಡಿಸದೆ ಅವರ ಕವಂದ ಪೂರ್ಣವಾಗುವುದಿಲ್ಲ. ಅಮೆರಿಕದ ಪ್ರಾಧ್ಯಾಪಕ ಹೆನ್ರಿ ಡ್ರೂವಲ್ ಎಂಬವರು ಅವುಗಳನ್ನು ಅಭ್ಯಸಿಸಿ ಹೊರದೇಶಗಳಲ್ಲಿ ಪ್ರದರ್ಶಿಸಿದ ನಂತರ ಪ್ರಪಂಚಕ್ಕೆ ಸಿದ್ದಿ ಹೆಂಗಸರ ಕೈಚಳಕ ಗೊತ್ತಾಯಿತು. ನಮ್ಮ ಜೇವರ್ಗಿ ಸೀಮೆಯ ತಾಂಡಾಗಳ ಲಂಬಾಣಿ ಹೆಂಗಸರ ಫೇಟಿಯಾ, ಕಾಂಚಳಿ, ಟುಕ್ರಿಗಳ ಮೇಲಿನ ಕನ್ನಡಿ ಕಸೂತಿಯನ್ನು ನಾವು ಬಾಲ್ಯದಿಂದ ನೋಡಿದವರು. ನೋಡಿ ನೋಡಿ ಕಣ್ಣು ಮಂಜಾಗಿದೆ. ಅದೇ ಕಸೂತಿಗೆ ಸಂಡೂರಿನ ಹೆಸರಿನಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಭೆ ನಡೆದಾಗ 450ಕ್ಕೂ ಹೆಚ್ಚು ಲಂಬಾಣಿ ಕಸೂತಿಗಾರ್ತಿಯರು ಮಾಡಿದ 1,755 ವಸ್ತುಗಳನ್ನು ಒಟ್ಟಿಗೆ ಪ್ರದರ್ಶಿಸಿ ಗಿನ್ನೆಸ್ ದಾಖಲೆ ಮಾಡಿದರು. ಸಂತೋಷವೇ. ಆದರೆ ದಾಖಲೆಯ ಪುಸ್ತಕಕ್ಕೆ ಬೇಕಾದದ್ದು ಸಂಖ್ಯೆ. ತಾಂಡಾದ ಹುಡುಗಿ ಕಸೂತಿಯ ಅಂಗಿ ತೊಟ್ಟು ಕಾಲೇಜಿಗೆ ಬಂದರೆ ಪಕ್ಕದ ಬೆಂಚಿನವರು ಮುಸಿಮುಸಿ ನಗದಿರಲು ಬೇಕಾದದ್ದು ಬೇರೆ ಏನೋ.

ಇಳಕಲ್ಲ ಸೀರೆ, ಗುಳೇದಗುಡ್ಡದ ಖಣಗಳ ವಿಷಯವನ್ನು ಎಲ್ಲರೂ ಬಲ್ಲರು, ಹೆಚ್ಚು ಬೆಳೆಸುವುದಿಲ್ಲ. ಒಂದು ಮಾತನ್ನು ಮಾತ್ರ ಹೇಳಲೇಬೇಕು. ಇಳಕಲ್ಲ ಸೀರೆಯ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಈ ಎರಡರ ಎಳೆಎಳೆಗಳನ್ನೂ ಕೊಂಡಿ ಹಾಕಿ ಜೋಡಿಸಿ, ಆಮೇಲೆ ನೇಯುತ್ತಾರೆ. ಆದ್ದರಿಂದಲೇ ಆ ಕೆಂಪು ಸೆರಗು, ಅದರ ಟೋಪ್ ತೆನೆಯ ಬಿಳಿಯ ಚೂಪುಗಳು ಅಷ್ಟು ನಿಚ್ಚಳವಾಗಿ ಬೇರೆಯಾಗಿ ನಿಲ್ಲುತ್ತವೆ. ಮಗ್ಗದ ಮುಂದೆ ಕುಳಿತವರ ಹಿಂದೆ ಹೀಗೆ ಎಳೆ ಜೋಡಿಸುವ, ಕಂಡಿಕೆ ಸುತ್ತುವ ಕೈಗಳು ಹೆಚ್ಚಾಗಿ ಮನೆಯ ಹೆಂಗಸರವೇ. 2019-20ರ ಕೈಮಗ್ಗ ಗಣತಿಯ ಪ್ರಕಾರ ದೇಶದಲ್ಲಿ ಕೈಮಗ್ಗದ ಕೆಲಸಗಾರರು 35 ಲಕ್ಷಕ್ಕೆ ಸ್ವಲ್ಪ ಹೆಚ್ಚು, ಅವರಲ್ಲಿ ನೂರಕ್ಕೆ 70ಕ್ಕಿಂತ ಹೆಚ್ಚು ಹೆಂಗಸರು. ಹಿಂದಿನ ಗಣತಿಯಲ್ಲಿ ಆ ಸಂಖ್ಯೆ 43 ಲಕ್ಷವಿತ್ತು. 2015ರಿಂದ ಪ್ರತಿ ಆಗಸ್ಟ್ 7ರಂದು ರಾಷ್ಟ್ರೀಯ ಕೈಮಗ್ಗ ದಿನವನ್ನು ಆಚರಿಸುತ್ತೇವೆ. 2020ರಲ್ಲಿ ಆ ದಿನಕ್ಕೆ ಸ್ವಲ್ಪ ಮುಂಚೆ ಅಖಿಲ ಭಾರತ ಕೈಮಗ್ಗ ಮಂಡಳಿಯನ್ನು ರದ್ದು ಮಾಡಲಾಯಿತು. ದಿನ ಉಳಿಯಿತು, ಮಂಡಳಿ ಹೋಯಿತು. ಇದರ ಬಗ್ಗೆ ನಮ್ಮ ಪತ್ರಿಕೆಗಳಲ್ಲಿ ಎಷ್ಟು ಚರ್ಚೆಯಾಯಿತು?

ಬಟ್ಟೆಯ ಅರ್ಥವನ್ನು ಎಷ್ಟು ಸುಲಭವಾಗಿ ಬಿಟ್ಟುಕೊಡುತ್ತೇವೆ ಎಂಬುದಕ್ಕೆ ರಾಷ್ಟ್ರಧ್ವಜವೇ ಸಾಕ್ಷಿ. ಹುಬ್ಬಳ್ಳಿಯ ಬೆಂಗೇರಿಯಲ್ಲಿರುವ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವು 1957ರಲ್ಲಿ ಸ್ಥಾಪನೆಯಾದದ್ದು. ಬಾಗಲಕೋಟೆ ಜಿಲ್ಲೆಯ ತುಳಸಿಗೇರಿಯಲ್ಲಿ ನೇಯ್ದ ಖಾದಿಯಿಂದ ಅಲ್ಲಿ ಮಾನಕ ಸಂಸ್ಥೆಯ ಮುದ್ರೆಯುಳ್ಳ ಧ್ವಜಗಳನ್ನು ತಯಾರಿಸುತ್ತಾರೆ. ಎಳೆಗಳ ಎಣಿಕೆ, ಬಣ್ಣ, ಅಳತೆ ಒಂದಿಷ್ಟು ಹೆಚ್ಚುಕಡಿಮೆಯಾದರೂ ಬಟ್ಟೆಯನ್ನು ತಿರಸ್ಕರಿಸುವಷ್ಟು ಕಟ್ಟುನಿಟ್ಟು. 2021ರ ಡಿಸೆಂಬರಿನಲ್ಲಿ ಧ್ವಜಸಂಹಿತೆಗೆ ತಿದ್ದುಪಡಿ ತಂದು ಯಂತ್ರದಿಂದ ಮಾಡಿದ, ಪಾಲಿಯೆಸ್ಟರಿನ ಧ್ವಜಗಳಿಗೂ ಒಪ್ಪಿಗೆ ನೀಡಲಾಯಿತು. ಪ್ರತಿಯೊಂದು ಮನೆಗೂ ಧ್ವಜ ತಲುಪಬೇಕೆಂಬ ಉದ್ದೇಶ ನನಗೂ ಒಪ್ಪಿಗೆಯೇ. ಆದರೆ ಆ ಧ್ವಜದಲ್ಲಿ ಬಣ್ಣದಷ್ಟೇ ಬಟ್ಟೆಯೂ ಮಾತನಾಡುತ್ತಿತ್ತು. ನಿಜಾಮರ ರಾಜ್ಯದಲ್ಲಿ, 1948ರ ಸೆಪ್ಟೆಂಬರ್ 17ರ ವರೆಗೆ, ತ್ರಿವರ್ಣವನ್ನು ಬಚ್ಚಿಟ್ಟುಕೊಳ್ಳಬೇಕಾಗಿದ್ದ ಈ ನೆಲದವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ನಮ್ಮ ಮನೆಬಾಗಿಲಿನ ಸಂಗತಿ. ಕಲಬುರಗಿಯವರಿಗೆ ಎಂ.ಎಸ್.ಕೆ. ಮಿಲ್ ಎಂದರೆ ಇಂದು ಒಂದು ಬಡಾವಣೆಯ ಹೆಸರು. ಅದು ಮಹಬೂಬ್ ಶಾಹಿ ಮಿಲ್. ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನರ ಹೆಸರಿನಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಆರಂಭವಾದ ಬಟ್ಟೆಯ ಗಿರಣಿ. ಹಳ್ಳಿಯ ಎಷ್ಟೋ ಮನೆಗಳಲ್ಲಿ ಅದರ ಭೋಂಗಾದ ನೆನಪಿದೆ. ಅದು ಮುಚ್ಚಿತು. ನಮ್ಮ ಎರೆಭೂಮಿಯ ಹತ್ತಿ ಹೊರಗೆ ಹೋಗುತ್ತದೆ, ಬಟ್ಟೆಯಾಗಿ ದುಬಾರಿಯಾಗಿ ಮರಳಿ ಬರುತ್ತದೆ. ಅಫಜಲಪುರ, ಆಳಂದದ ಕಡೆಯ ಎಷ್ಟೋ ಜನ ಸೊಲ್ಲಾಪುರದ ಗಿರಣಿ, ಮಗ್ಗಗಳಿಗೆ ದುಡಿಯಲು ಹೋದರು. ಬರುವಾಗ ನವಿಲಿನ ಚಿತ್ರದ ಸೊಲ್ಲಾಪುರಿ ಚಾದರ ತಂದರು. ಈಗ ಅದನ್ನೂ ಮೀರಿಸಿ ಚಿಂದಿಯಿಂದ ಮಾಡಿದ ಪಾಣಿಪತ್ತಿನ ಅಗ್ಗದ ಬ್ಲಾಂಕೆಟ್ಟು ಸಂತೆಗೆ ಬಂದಿದೆ. ಡಬ್ಬಿಗೆ ಬದಲಾಗಿ ನಾವು ಕೊಟ್ಟ ಹಳೆಯ ಅರಬಿಯಂಥದೇ ಯಾವುದೋ ಅರಬಿ ಅದರಲ್ಲಿ ಇದ್ದೀತು.

2023ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ ಏಳು ರಾಜ್ಯಗಳಿಗೆ ಪಿಎಂ ಮಿತ್ರ ಜವಳಿ ಪಾರ್ಕುಗಳನ್ನು ಘೋಷಿಸಿತು. ಕರ್ನಾಟಕದ ಪಾಲಿನದು ಕಲಬುರಗಿಗೆ ಬಂದಿತು. ಸಾವಿರ ಎಕರೆಯ ಯೋಜನೆ. ಹೊಲದಿಂದ ನೂಲಿಗೆ, ನೂಲಿನಿಂದ ಕಾರ್ಖಾನೆಗೆ, ಕಾರ್ಖಾನೆಯಿಂದ ಫ್ಯಾಶನ್ನಿಗೆ, ಅಲ್ಲಿಂದ ಪರದೇಶಕ್ಕೆ ಎಂಬುದು ಅದರ ಘೋಷವಾಕ್ಯದ ತಾತ್ಪರ್ಯ. ನಾನು ಇದನ್ನು ಮನಸಾರೆ ಸ್ವಾಗತಿಸುತ್ತೇನೆ. ಪುಣೆ, ಬೆಂಗಳೂರುಗಳಿಗೆ ಗುಳೆ ಹೋಗುವ ನಮ್ಮ ಹುಡುಗರಿಗೆ, ಅದಕ್ಕಿಂತ ಹೆಚ್ಚಾಗಿ ಹುಡುಗಿಯರಿಗೆ, ಊರ ಹತ್ತಿರ ಕೆಲಸ ಸಿಕ್ಕರೆ ಅದಕ್ಕಿಂತ ದೊಡ್ಡದು ಏನಿದೆ? ಆದರೆ ಈ ಐದು ಮೆಟ್ಟಿಲುಗಳಲ್ಲಿ ನಮ್ಮ ಓಣಿಯ ಕೌದಿ ಹೊಲಿಯುವ ಮುದುಕಿ ಯಾವ ಮೆಟ್ಟಿಲಿನ ಮೇಲೆ ನಿಂತಿದ್ದಾಳೆ? ಅವಳದು ಹಳೆಯ ಬಟ್ಟೆ, ಹೊಲದಿಂದ ಬಂದದ್ದಲ್ಲ, ಪರದೇಶಕ್ಕೆ ಹೋಗುವುದೂ ಅಲ್ಲ. ನಾನು ಕೇಳುವುದು ಹೆಚ್ಚಿನದೇನೂ ಅಲ್ಲ. ಆ ಸಾವಿರ ಎಕರೆಯಲ್ಲಿ ಒಂದು ಎಕರೆಯನ್ನು ಈ ಸೀಮೆಯ ಕೈಗೆಲಸಕ್ಕೆ ಮೀಸಲಿಡಲಿ. ಕೌದಿ, ಲಂಬಾಣಿ ಕಸೂತಿ, ಕಂಬಳಿ, ಕುಂಚಿಗೆಗಳನ್ನು ಅಲ್ಲಿ ಸಂಗ್ರಹಿಸಿ, ಹೊಲಿದವರ ಹೆಸರು ಬರೆದು ಇಡಲಿ. ಎಂ.ಎಸ್.ಕೆ. ಮಿಲ್ಲಿನಲ್ಲಿ ದುಡಿದವರ ನೆನಪುಗಳನ್ನೂ ಅವರು ಇರುವಾಗಲೇ ಬರೆಸಿಕೊಳ್ಳಲಿ. ಒಂದು ಎಕರೆಗೆ ಯಾವ ಗಿರಣಿಯೂ ಬಡವಾಗುವುದಿಲ್ಲ.

ಶಾಲೆಗಳ ಬಗೆಗೂ ಒಂದು ಮಾತು, ಏಕೆಂದರೆ ಮಾಸ್ತರನಾದವನು ಅದನ್ನು ಹೇಳದೆ ಬಿಟ್ಟರೆ ನೀವೇ ಆಶ್ಚರ್ಯಪಡುವಿರಿ. ಚಿತ್ರಕಲೆಯ ಪಿರಿಯಡ್ಡಿನಲ್ಲಿ ಇಂದಿಗೂ ಎರಡು ಗುಡ್ಡ, ನಡುವೆ ಸೂರ್ಯ, ಒಂದು ತೆಂಗಿನ ಮರ. ನಮ್ಮಲ್ಲಿ ಗುಡ್ಡವೂ ಇಲ್ಲ, ತೆಂಗಿನ ಮರವೂ ಅಪರೂಪ! ಅದರ ಬದಲು ಪ್ರತಿ ಮಗುವೂ ತನ್ನ ಮನೆಯ ಒಂದು ಕೌದಿಯ ನಕ್ಷೆ ಬರೆದು, ಯಾವ ತುಂಡು ಯಾರ ಬಟ್ಟೆಯದೆಂದು ಅಜ್ಜಿಯನ್ನು ಕೇಳಿ ಗುರುತು ಹಾಕಿಕೊಂಡು ಬರಲಿ. ಅದರಲ್ಲಿ ಕ್ಷೇತ್ರಗಣಿತವೂ ಇದೆ, ಚರಿತ್ರೆಯೂ ಇದೆ, ಕನ್ನಡವೂ ಇದೆ. ಕಸೂತಿಯ ಗವಂತಿ ಹೊಲಿಗೆಯಲ್ಲಿ ದಾರ ಹೋದ ದಾರಿಯಲ್ಲಿಯೇ ಹಿಂದಿರುಗಿ ಬಂದು, ಬಟ್ಟೆಯ ಎರಡೂ ಮಗ್ಗುಲು ಒಂದೇ ಚಿತ್ರವನ್ನು ಕೊಡುತ್ತದೆ. ಇದನ್ನು ಹೊಲಿಯುವವಳ ತಲೆಯಲ್ಲಿ ನಡೆಯುವ ಎಣಿಕೆಯನ್ನು ಗಣಿತವಲ್ಲವೆಂದು ಯಾರು ಹೇಳಬಲ್ಲರು?

ಕೊನೆಯದು ಕೂಲಿಯ ಮಾತು. ಒಂದು ದೊಡ್ಡ ಕೌದಿಗೆ ದಿನವಿಡೀ ಕುಳಿತು ಹೊಲಿದರೂ ಹದಿನೈದು ದಿನ ಹಿಡಿಯುತ್ತದೆ. 2025-26ರಲ್ಲಿ ಉದ್ಯೋಗ ಖಾತರಿಯ ದಿನಗೂಲಿ ಕರ್ನಾಟಕದಲ್ಲಿ 370 ರೂಪಾಯಿ ಇತ್ತು. ಆ ದರದಲ್ಲಿ ಹದಿನೈದು ದಿನಕ್ಕೆ 5,550 ರೂಪಾಯಿ. ನಮ್ಮವರು ಕೌದಿಗೆ ಸಾವಿರ ರೂಪಾಯಿ ಕೇಳಿದರೆ ಎಂಟುನೂರಕ್ಕೆ ಇಳಿಸಲು ಅರ್ಧ ತಾಸು ವಾದಿಸುತ್ತಾರೆ. ಗುಂಡಿ ತೋಡುವ ಕೈಗೆ ಸರ್ಕಾರ ಕಟ್ಟಿದ ಬೆಲೆಯನ್ನಾದರೂ ಸೂಜಿ ಹಿಡಿದ ಕೈಗೆ ನಾವು ಕಟ್ಟಬಾರದೇ? ಮಾಲಿನಲ್ಲಿ ಅದಕ್ಕಿಂತ ಹೆಚ್ಚಿನ ಬೆಲೆಯ ಯಂತ್ರದ ರಜಾಯಿಯನ್ನು ತುಟಿ ಬಿಚ್ಚದೆ ಕೊಳ್ಳುವವರು ನಾವೇ ಅಲ್ಲವೇ?

ಆದ್ದರಿಂದ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ, ಬಂಧುಗಳಲ್ಲಿ ಒಂದು ವಿನಂತಿ. ತಾಯಿಯ, ಅಜ್ಜಿಯ ನೂಲಿನ ಸೀರೆಗಳು ಮನೆಯಲ್ಲಿದ್ದರೆ ಈ ಉಗಾದಿಗೆ ಊರಿಗೆ ಬರುವಾಗ ತನ್ನಿರಿ. ಒಗೆದು, ಒಣಗಿಸಿ ತನ್ನಿರಿ. ಪಾಲಿಯೆಸ್ಟರ್ ಬೇಡ, ಅದು ಜಾರುತ್ತದೆ, ಸೂಜಿಗೆ ಬಗ್ಗುವುದಿಲ್ಲ, ಬೇಸಗೆಯಲ್ಲಿ ಮೈಗೆ ಅಂಟುತ್ತದೆ. ದೊಡ್ಡವರ ಕೌದಿಗೆ ಅಡಿಯ ಪದರಗಳೂ ಸೇರಿ ಐದಾರು ಸೀರೆ ಬೇಕು, ತೊಟ್ಟಿಲಿನದಕ್ಕೆ ಎರಡು ಸಾಕು. ಮೇಲಿನ ತುಂಡುಗಳಿಗೆ ಮಕ್ಕಳ ಹಳೆಯ ಅಂಗಿಗಳನ್ನೂ ಸೇರಿಸಬಹುದು. ಹೊಲಿಯುವ ನಾಲ್ವರು ಹೆಂಗಸರು ನಮ್ಮ ಊರಿನಲ್ಲಿ ಇನ್ನೂ ಇದ್ದಾರೆ; ಇಬ್ಬರ ಕಣ್ಣು ಮಂಜಾಗಿದೆ, ಆದ್ದರಿಂದ ಸೂಜಿಗೆ ದಾರ ಪೋಣಿಸಿಕೊಡಲು ಮಗ್ಗುಲಲ್ಲಿ ಒಂದು ಮಗು ಕುಳಿತಿರಬೇಕಾಗುತ್ತದೆ. ಆ ಕೆಲಸಕ್ಕೆ ನಮ್ಮ ಓಣಿಯ ಹುಡುಗರನ್ನು ನಾನು ಒಪ್ಪಿಸಿದ್ದೇನೆ. ಕೂಲಿಯನ್ನು ಮಾತ್ರ ನೀವು ಅವರ ಕೈಗೇ ಕೊಡಬೇಕು, ಮತ್ತು ಚೌಕಾಶಿ ಮಾಡಬಾರದು.